ಕೀಲೆಣ್ಣೆಯ ಪೇಟೆಂಟ್ ಮತ್ತು ಸ್ವಯಂಸ್ಪಷ್ಟತೆ

ಕೀಲೆಣ್ಣೆಯ ಪೇಟೆಂಟ್ ಮತ್ತು ಸ್ವಯಂಸ್ಪಷ್ಟತೆ ಎಂಬುದು ಪೇಟೆಂಟ್ ಕಾನೂನಿನ ಒಂದು ಪ್ರಶ್ನೆಗೆ ಸಂಬಂಧಿಸಿದ ವಿಷಯ. ಯಂತ್ರಗಳ ಪರಸ್ಪರ ಉಜ್ಜುವ ಭಾಗಗಳಿಗೆ ಹಚ್ಚುವ ಎಣ್ಣೆ ಅಥವಾ ಗ್ರೀಸಿನ ಮೇಲೆ ಯಾರಾದರೂ ಏಕಸ್ವಾಮ್ಯ ಕೋರಿದಾಗ, ಅದು ನಿಜವಾಗಿಯೂ ಹೊಸ ಬುದ್ಧಿಯ ಫಲವೇ ಅಥವಾ ಹಿಂದಿನ ಆವಿಷ್ಕಾರಗಳನ್ನು ಬಲ್ಲ ಕುಶಲ ವ್ಯಕ್ತಿಗೆ ತಾನಾಗಿಯೇ ಹೊಳೆಯುವಂಥದೇ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಹೀಗೆ ತಾನಾಗಿ ಹೊಳೆಯುವ ಗುಣವನ್ನು ಈ ಲೇಖನದಲ್ಲಿ 'ಸ್ವಯಂಸ್ಪಷ್ಟತೆ' ಎಂದು ಕರೆಯಲಾಗಿದೆ. ಸ್ವಯಂಸ್ಪಷ್ಟವಾದದ್ದಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಹರಳೆಣ್ಣೆ, ಹೊಂಗೆ ಎಣ್ಣೆಗಳಂತಹ ಸಸ್ಯಜನ್ಯ ಎಣ್ಣೆಗಳು ಮತ್ತೆ ಉದ್ಯಮದ ಗಮನ ಸೆಳೆಯುತ್ತಿರುವುದರಿಂದ ಕರ್ನಾಟಕದ ಗ್ರಾಮೀಣ ಭಾಗಗಳಿಗೂ ಈ ಪ್ರಶ್ನೆ ಮುಖ್ಯವಾಗಿದೆ.

ಹಿನ್ನೆಲೆ

'ಕೀಲೆಣ್ಣೆ' ಎಂಬ ಕನ್ನಡ ಪದವು ಕೀಲು ಮತ್ತು ಎಣ್ಣೆ ಎಂಬ ಎರಡು ಮಾತುಗಳು ಸೇರಿ ಆದದ್ದು. ಹಳೆಯ ಮೈಸೂರು ಸೀಮೆಯಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕಪ್ಪು ಮಿಶ್ರಣಕ್ಕೆ ಈ ಹೆಸರು ರೂಢಿಯಲ್ಲಿತ್ತು. ಹುಲ್ಲನ್ನು ಸುಟ್ಟು, ಅದರ ಕರಿಯನ್ನು ನುಣ್ಣಗೆ ಅರೆದು, ಹರಳೆಣ್ಣೆಯಲ್ಲಿ ಕಲಸಿ ಇದನ್ನು ಸಿದ್ಧಪಡಿಸುತ್ತಿದ್ದರು. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಕಡಾಣಿಯನ್ನು ಕಿತ್ತು, ಚಕ್ರವನ್ನು ತುಸು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿದು, ಚಕ್ರವನ್ನು ಮತ್ತೆ ಕೂಡಿಸುವುದು ವಾಡಿಕೆ. ಹರಳೆಣ್ಣೆ ಗಟ್ಟಿಯಾದುದರಿಂದ ಬೇಗ ಹರಿದುಹೋಗುತ್ತಿರಲಿಲ್ಲ. ಕರಿಯ ಪುಡಿ ಎಣ್ಣೆಯನ್ನು ಹಿಡಿದಿಡುವುದರ ಜೊತೆಗೆ ಅಚ್ಚಿಗೂ ಗುಂಬಕ್ಕೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತಿತ್ತು.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿ ತೀರದ ಊರು. ಕರ್ನಾಟಕ ಸಂಗೀತದ ಅನೇಕ ವಿದ್ವಾಂಸರ ತವರೆಂದು ಅದು ಹೆಸರಾಗಿದೆ. ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣಗಳವರೆಗಿನ ಸೀಮೆಯಲ್ಲಿ ಲಾರಿ, ಟ್ರ್ಯಾಕ್ಟರುಗಳು ಬರುವ ಮೊದಲು ದವಸ, ಬೆಲ್ಲ, ತೆಂಗಿನಕಾಯಿಗಳನ್ನು ಸಂತೆಗೆ ಸಾಗಿಸುತ್ತಿದ್ದುದು ಎತ್ತಿನ ಗಾಡಿಯೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳು ಮನೆಯ ದೀಪಕ್ಕೂ ತಲೆಗೂ ಗಾಡಿಯ ಅಚ್ಚಿಗೂ ಎಣ್ಣೆಯಾಗುತ್ತಿತ್ತು. ಇಂತಹ ಊರುಗಳಲ್ಲಿ ಸಂಗೀತವೂ ಕೀಲೆಣ್ಣೆಯ ಪಾಕವೂ ಒಬ್ಬರಿಂದ ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ, ಕೈಯಭ್ಯಾಸದಲ್ಲಿ ಸಾಗಿ ಬಂದವು. ಸಂಗೀತಕ್ಕೆ ಲಕ್ಷಣ ಗ್ರಂಥಗಳಿವೆ, ಸ್ವರಲಿಪಿಯಿದೆ. ಕೀಲೆಣ್ಣೆಗೆ ಅಂತಹ ಗ್ರಂಥವನ್ನು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಪೇಟೆಂಟಿನ ಪ್ರಶ್ನೆ ಎದುರಾದಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಪೇಟೆಂಟಿಗೆ ಸಂಬಂಧಿಸಿದ ಮೂಲ ಕಾನೂನು 1970ರ ಪೇಟೆಂಟ್ ಅಧಿನಿಯಮ. ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳ ಕಾಲ ಪೇಟೆಂಟ್ ಜಾರಿಯಲ್ಲಿರುತ್ತದೆ. ಆವಿಷ್ಕಾರವು ಹೊಸದಾಗಿರಬೇಕು, ಕೈಗಾರಿಕೆಯಲ್ಲಿ ಬಳಕೆಗೆ ಬರುವಂತಿರಬೇಕು ಮತ್ತು ಅದರಲ್ಲಿ 'ಆವಿಷ್ಕಾರಾತ್ಮಕ ಹೆಜ್ಜೆ' ಇರಬೇಕು ಎಂಬುವು ಮೂರು ಮುಖ್ಯ ಷರತ್ತುಗಳು. ಆವಿಷ್ಕಾರಾತ್ಮಕ ಹೆಜ್ಜೆಯ ಈಗಿನ ವ್ಯಾಖ್ಯೆ 2005ರ ತಿದ್ದುಪಡಿಯಿಂದ ಸೆಕ್ಷನ್ 2(1)(ಜೆಎ)ಯಲ್ಲಿ ಸೇರಿತು. ಅದರ ಪ್ರಕಾರ, ಈಗಾಗಲೇ ಇರುವ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆಯಾಗಲಿ, ಆರ್ಥಿಕ ಮಹತ್ವವಾಗಲಿ, ಎರಡೂ ಆಗಲಿ ಇರಬೇಕು. ಅದರ ಫಲವಾಗಿ ಆವಿಷ್ಕಾರವು ಆ ವಿಷಯದಲ್ಲಿ ಪರಿಣತಿಯುಳ್ಳ ವ್ಯಕ್ತಿಗೆ ಸ್ವಯಂಸ್ಪಷ್ಟವಾಗಿರಬಾರದು.

ನವೀನತೆ ಮತ್ತು ಆವಿಷ್ಕಾರಾತ್ಮಕ ಹೆಜ್ಜೆ ಬೇರೆ ಬೇರೆ ಪರೀಕ್ಷೆಗಳು. ಅದೇ ವಸ್ತು ಹಿಂದೆ ಇತ್ತೆಂದು ತೋರಿಸಿದರೆ ನವೀನತೆ ಬಿದ್ದುಹೋಗುತ್ತದೆ. ಅದೇ ವಸ್ತು ಇಲ್ಲದಿದ್ದರೂ, ಹಿಂದಿನ ಒಂದೆರಡು ಸಂಗತಿಗಳನ್ನು ಜೋಡಿಸಿದರೆ ಯಾವ ಕಷ್ಟವೂ ಇಲ್ಲದೆ ಅದನ್ನು ತಲುಪಬಹುದಿತ್ತೇ ಎಂಬುದು ಎರಡನೆಯ ಪರೀಕ್ಷೆ. ಪೇಟೆಂಟ್ ವಿವಾದಗಳಲ್ಲಿ ಹೆಚ್ಚಿನ ಜಿಜ್ಞಾಸೆ ನಡೆಯುವುದು ಈ ಎರಡನೆಯದರ ಮೇಲೆ.

ಕೀಲೆಣ್ಣೆ ಸಾಮಾನ್ಯವಾಗಿ ಹಲವು ವಸ್ತುಗಳ ಮಿಶ್ರಣವಾದ್ದರಿಂದ ಸೆಕ್ಷನ್ 3ರ ಕೆಲವು ಉಪವಿಧಿಗಳೂ ಅದಕ್ಕೆ ಅನ್ವಯಿಸುತ್ತವೆ. 3(ಇ) ಪ್ರಕಾರ, ಘಟಕಗಳ ಗುಣಗಳು ಕೇವಲ ಒಟ್ಟುಗೂಡುವ ಬರಿಯ ಬೆರಕೆಯು ಆವಿಷ್ಕಾರವಲ್ಲ. ಬೆರೆತಾಗ ಬಿಡಿ ಗುಣಗಳ ಮೊತ್ತವನ್ನು ಮೀರಿದ ಪರಿಣಾಮ ಉಂಟಾಗುತ್ತದೆ ಎಂಬುದನ್ನು ಅರ್ಜಿದಾರರು ತೋರಿಸಬೇಕು. 3(ಪಿ) ಪ್ರಕಾರ, ಸಾಂಪ್ರದಾಯಿಕ ಜ್ಞಾನಕ್ಕೂ, ಸಾಂಪ್ರದಾಯಿಕವಾಗಿ ತಿಳಿದಿರುವ ಘಟಕಗಳ ಗುಣಗಳ ಒಟ್ಟುಗೂಡಿಕೆಗೂ ಪೇಟೆಂಟ್ ಇಲ್ಲ.

ನ್ಯಾಯಾಲಯಗಳ ನಿಲುವು

ಸ್ವಯಂಸ್ಪಷ್ಟತೆಯ ಬಗ್ಗೆ ಭಾರತದ ಮೂಲ ತೀರ್ಪೆಂದು ಪರಿಗಣಿತವಾಗಿರುವುದು 1978ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪ್ರಕರಣದ ತೀರ್ಪು. ಲೋಹದ ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ಹಿಡಿದು ಕಡೆಯುವ ವಿಧಾನಕ್ಕೆ ಪಡೆದಿದ್ದ ಪೇಟೆಂಟನ್ನು ನ್ಯಾಯಾಲಯ ಅನೂರ್ಜಿತವೆಂದಿತು. ಹಳೆಯ ಸಾಧನಕ್ಕೆ ಮಾಡಿದ ಚಿಕ್ಕ ಬದಲಾವಣೆಯು ಕಾರ್ಯಾಗಾರದ ಸಾಮಾನ್ಯ ಸುಧಾರಣೆಯಷ್ಟೇ ಆಗಿದ್ದರೆ ಅದು ಆವಿಷ್ಕಾರವಾಗದು ಎಂಬುದು ಇದರ ಸಾರ.

2015ರ ನವೆಂಬರಿನಲ್ಲಿ ರೋಶ್ ಮತ್ತು ಸಿಪ್ಲಾ ನಡುವಿನ ಔಷಧ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಐದು ಹಂತಗಳನ್ನು ಹೇಳಿತು. ಮೊದಲು ಆ ವಿಷಯದ ಸಾಮಾನ್ಯ ಪರಿಣತ ಯಾರೆಂದು ಗುರುತಿಸಬೇಕು. ಬಳಿಕ ಪೇಟೆಂಟಿನ ಹೊಸ ಕಲ್ಪನೆ ಯಾವುದೆಂದು ಕಂಡುಕೊಳ್ಳಬೇಕು. ಆ ದಿನಾಂಕದಂದು ಪರಿಣತನಿಗೆ ಇದ್ದ ಸಾಮಾನ್ಯ ತಿಳಿವಳಿಕೆ ಎಷ್ಟೆಂದು ನೋಡಬೇಕು. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಬೇಕು. ಕೊನೆಗೆ ಆ ವ್ಯತ್ಯಾಸಗಳು ಪರಿಣತನಿಗೆ ತಾನಾಗಿ ಹೊಳೆಯುತ್ತಿದ್ದವೇ ಎಂದು ತೀರ್ಮಾನಿಸಬೇಕು. ಹೀಗೆ ತೀರ್ಮಾನಿಸುವಾಗ ಉತ್ತರವನ್ನು ಮೊದಲೇ ತಿಳಿದುಕೊಂಡು ಹಿಂದಿರುಗಿ ನೋಡುವ ದೋಷವನ್ನು ದೂರವಿಡಬೇಕು. ಲೆಕ್ಕದ ಉತ್ತರವನ್ನು ಪುಸ್ತಕದ ಹಿಂಬದಿಯಲ್ಲಿ ನೋಡಿದ ವಿದ್ಯಾರ್ಥಿಗೆ ಪ್ರತಿಯೊಂದು ಲೆಕ್ಕವೂ ಸುಲಭವಾಗಿಯೇ ಕಾಣುತ್ತದೆ. ನ್ಯಾಯಾಲಯ ಎಚ್ಚರಿಸಿರುವುದು ಇಂತಹ ಸುಲಭದ ವಿರುದ್ಧ.

ಕೀಲೆಣ್ಣೆಗೆ ನೇರವಾಗಿ ಸಂಬಂಧಿಸಿದ ವಿದೇಶಿ ಪ್ರಕರಣವೊಂದು ಅಮೆರಿಕದ ಹನಿವೆಲ್ ಮತ್ತು ಮೆಕ್ಸಿಕೆಮ್ ಸಂಸ್ಥೆಗಳ ನಡುವಿನದು. ವಾಹನಗಳ ಹವಾನಿಯಂತ್ರಣದಲ್ಲಿ ಬಳಸುವ ಎಚ್‌ಎಫ್‌ಒ-1234ವೈಎಫ್ ಎಂಬ ಶೀತಕವನ್ನು ಪಾಲಿಆಲ್ಕಿಲೀನ್ ಗ್ಲೈಕಾಲ್ ಎಂಬ ಕೀಲೆಣ್ಣೆಯೊಂದಿಗೆ ಜೋಡಿಸುವುದು ಅಲ್ಲಿನ ಹಕ್ಕುಬೇಡಿಕೆ. ಎರಡೂ ವಸ್ತುಗಳು ಬೇರೆ ಬೇರೆ ಪೂರ್ವದಾಖಲೆಗಳಲ್ಲಿ ತಿಳಿದಿದ್ದವು. ಆದುದರಿಂದ ಜೋಡಣೆಯು ಸ್ವಯಂಸ್ಪಷ್ಟವೆಂದು ಪೇಟೆಂಟ್ ಕಚೇರಿಯ ಮಂಡಳಿ ಹೇಳಿತ್ತು. 2017ರ ಆಗಸ್ಟಿನಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಆ ತೀರ್ಮಾನವನ್ನು ರದ್ದುಪಡಿಸಿ ಪ್ರಕರಣವನ್ನು ಮರುಪರಿಶೀಲನೆಗೆ ಕಳುಹಿಸಿತು. ಯಾವ ಶೀತಕಕ್ಕೆ ಯಾವ ಎಣ್ಣೆ ಹೊಂದುತ್ತದೆ ಎಂಬುದನ್ನು ಮುಂಚಿತವಾಗಿ ಊಹಿಸಲು ಸಾಧ್ಯವಿಲ್ಲ ಎಂಬ ಸಾಕ್ಷ್ಯಕ್ಕೆ ಮಂಡಳಿ ತಕ್ಕ ಬೆಲೆ ಕೊಟ್ಟಿಲ್ಲ ಎಂಬುದು ಅದರ ಒಂದು ಮುಖ್ಯ ಕಾರಣ. ಎರಡು ಪರಿಚಿತ ವಸ್ತುಗಳು ಸೇರಿದ ಮಾತ್ರಕ್ಕೆ ಆ ಕೂಡಿಕೆ ಸ್ವಯಂಸ್ಪಷ್ಟವಾಗುವುದಿಲ್ಲ ಎಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ಸಸ್ಯಜನ್ಯ ಕೀಲೆಣ್ಣೆಯ ಪೂರ್ವಜ್ಞಾನ

ಅರ್ಜಿಯ ದಿನಾಂಕಕ್ಕೆ ಮೊದಲು ಲೋಕಕ್ಕೆ ತಿಳಿದಿದ್ದ ಎಲ್ಲ ಸಂಗತಿಗಳ ಒಟ್ಟು ಮೊತ್ತವನ್ನು ಪೂರ್ವಜ್ಞಾನ ಎನ್ನಬಹುದು. ಹರಳೆಣ್ಣೆಯ ವಿಷಯದಲ್ಲಿ ಇದು ಬಹಳ ದೊಡ್ಡದು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 85ರಿಂದ 90 ಪ್ರತಿಶತ ರಿಸಿನೋಲಿಕ್ ಆಮ್ಲ. ಅದರಲ್ಲಿರುವ ಹೈಡ್ರಾಕ್ಸಿಲ್ ಗುಂಪಿನಿಂದಾಗಿ ಈ ಎಣ್ಣೆ ಇತರ ಅಡುಗೆ ಎಣ್ಣೆಗಳಿಗಿಂತ ಹೆಚ್ಚು ಸ್ನಿಗ್ಧವಾಗಿರುತ್ತದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್‌ಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನ ಕ್ಯಾಸ್ಟ್ರಾಲ್ ಎಂಬ ಎಣ್ಣೆಯ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದ್ದು. 1940ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಲಿಥಿಯಂ ಸಾಬೂನಿನ ಗ್ರೀಸುಗಳಿಗೆ ಪೇಟೆಂಟ್ ಪಡೆದರು. ಇಂದು ಜಗತ್ತಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಿಥಿಯಂ ಗ್ರೀಸಿನ ಒಂದು ಮುಖ್ಯ ಮೂಲವಸ್ತು ಹರಳೆಣ್ಣೆಯಿಂದ ತಯಾರಾಗುವ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ.

ಹೊಂಗೆ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಪ್ರಧಾನವಾಗಿದೆ. ಕರ್ನಾಟಕದಲ್ಲಿ ಇದು ದೀಪಕ್ಕೆ, ಚರ್ಮ ಹದಮಾಡುವುದಕ್ಕೆ, ಬಳಿಕ ಜೈವಿಕ ಇಂಧನಕ್ಕೆ ಬಳಕೆಯಾಗಿದೆ. ಹಾಸನದ ಸಮೀಪದ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಲದ ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳನ್ನು ಬೆಳೆಸುವ ಕಾರ್ಯಕ್ಕೆ ಅದು ಪ್ರೇರಣೆ ನೀಡಿದೆ.

ಸಸ್ಯಜನ್ಯ ಎಣ್ಣೆಗಳಿಗೆ ದೋಷಗಳೂ ಇವೆ. ಅವುಗಳ ಅಣುವಿನಲ್ಲಿರುವ ದ್ವಿಬಂಧಗಳು ಗಾಳಿ ಮತ್ತು ಶಾಖಕ್ಕೆ ಸಿಕ್ಕಿ ಆಕ್ಸಿಡೀಕರಣಗೊಂಡು ಎಣ್ಣೆ ಅಂಟಾಗುತ್ತದೆ. ಹಲವು ಎಣ್ಣೆಗಳು ಚಳಿಯಲ್ಲಿ ಹೆಪ್ಪುಗಟ್ಟುತ್ತವೆ. ಇದಕ್ಕೆ ಎಪಾಕ್ಸಿಡೀಕರಣ, ಬೇರೆ ಆಲ್ಕೊಹಾಲುಗಳೊಂದಿಗೆ ಎಸ್ಟರ್ ವಿನಿಮಯ, ಆಕ್ಸಿಡೀಕರಣ ತಡೆಯುವ ಪದಾರ್ಥಗಳ ಸೇರ್ಪಡೆ ಮುಂತಾದ ಪರಿಹಾರಗಳು ಪ್ರಕಟಿತ ಸಾಹಿತ್ಯದಲ್ಲಿವೆ. ಗ್ರಾಫೈಟ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಪುಡಿಗಳನ್ನು ಎಣ್ಣೆಗೆ ಬೆರೆಸುವುದೂ ಹಳೆಯ ಸಂಗತಿ. ಹೊಸ ಅರ್ಜಿಯೊಂದು ಬಂದಾಗ ಈ ಎಲ್ಲದರ ಎದುರಿಗೆ ಅದನ್ನು ನಿಲ್ಲಿಸಿ ನೋಡಬೇಕಾಗುತ್ತದೆ.

ಒಂದು ಕಲ್ಪಿತ ಉದಾಹರಣೆ

ಪರೀಕ್ಷೆಯ ಕ್ರಮವನ್ನು ತಿಳಿಯಲು ಒಂದು ಕಲ್ಪಿತ ಅರ್ಜಿಯನ್ನು ತೆಗೆದುಕೊಳ್ಳಬಹುದು. ಭತ್ತದ ಹುಲ್ಲನ್ನು ಸುಟ್ಟು ಪಡೆದ, 100 ನ್ಯಾನೋಮೀಟರಿಗಿಂತ ಚಿಕ್ಕದಾದ ಇಂಗಾಲದ ಕಣಗಳನ್ನು 100 ಭಾಗ ಹರಳೆಣ್ಣೆಗೆ 1ರಿಂದ 3 ಭಾಗದಂತೆ ಬೆರೆಸಿದ ಕೀಲೆಣ್ಣೆಯ ಮೇಲೆ ಒಬ್ಬರು ಹಕ್ಕು ಕೇಳಿದ್ದಾರೆ ಎಂದುಕೊಳ್ಳೋಣ. ಗಾಡಿಯ ಕೀಲೆಣ್ಣೆಯನ್ನು ಕಂಡವರು ಇದರಲ್ಲಿ ಹೊಸದೇನಿದೆ ಎಂದು ಕೂಡಲೇ ಕೇಳಬಹುದು. ಕಾನೂನಿನ ಉತ್ತರವು ಹಕ್ಕುಬೇಡಿಕೆಯ ಮಾತುಗಳನ್ನು ಅವಲಂಬಿಸಿರುತ್ತದೆ.

ಒಂದನೆಯದಾಗಿ, ಬೇಡಿಕೆಯಲ್ಲಿ ಕಣದ ಗಾತ್ರವಾಗಲಿ ಪ್ರಮಾಣವಾಗಲಿ ಇಲ್ಲದೆ, ಹರಳೆಣ್ಣೆಯಲ್ಲಿ ಬೆರೆಸಿದ ಹುಲ್ಲಿನ ಇಂಗಾಲ ಎಂದಷ್ಟೇ ಇದ್ದರೆ ಅದು ಗಾಡಿಯ ಕೀಲೆಣ್ಣೆಯನ್ನೇ ಒಳಗೊಳ್ಳುತ್ತದೆ. ಅಲ್ಲಿ ನವೀನತೆಯೇ ಇಲ್ಲ. ಸ್ವಯಂಸ್ಪಷ್ಟತೆಯ ಚರ್ಚೆಗೆ ಹೋಗುವ ಅಗತ್ಯವೂ ಬೀಳುವುದಿಲ್ಲ.

ಎರಡನೆಯದಾಗಿ, ಗಾತ್ರ ಮತ್ತು ಪ್ರಮಾಣಗಳನ್ನು ನಮೂದಿಸಿದ್ದರೂ ಅವುಗಳಿಂದ ವಿಶೇಷ ಪ್ರಯೋಜನ ಕಾಣದಿದ್ದರೆ, ಅದು ಪ್ರಯೋಗಶಾಲೆಯಲ್ಲಿ ಯಾರೂ ಮಾಡಬಹುದಾದ ಹೊಂದಾಣಿಕೆ. ಇನ್ನೂ ನುಣ್ಣಗೆ ಅರೆದರೆ ಪುಡಿ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ ಎಂಬುದು ಗಾಡಿ ಹೊಡೆಯುವವರಿಗೂ ತಿಳಿದಿದ್ದ ವಿಷಯ. ಇಂತಹ ಬೇಡಿಕೆ ಸ್ವಯಂಸ್ಪಷ್ಟತೆಯ ಕಾರಣದಿಂದ ಬೀಳುವ ಸಂಭವ ಹೆಚ್ಚು.

ಮೂರನೆಯದಾಗಿ, ಅತಿ ಚಿಕ್ಕ ಕಣಗಳು ಎಣ್ಣೆಯಲ್ಲಿ ಗಂಟುಗಟ್ಟಿ ಲೋಹವನ್ನು ಗೀರುತ್ತವೆ ಎಂದು ಹಿಂದಿನ ಬರಹಗಳು ಎಚ್ಚರಿಸಿದ್ದು, ಅರ್ಜಿದಾರರು ಕಣಗಳ ಮೇಲ್ಮೈಯನ್ನು ಹೊಸ ರೀತಿಯಲ್ಲಿ ಸಂಸ್ಕರಿಸಿ ಆ ಗಂಟನ್ನು ತಡೆದಿದ್ದರೆ ವಿಷಯ ಬೇರೆಯಾಗುತ್ತದೆ. ಪರಿಣತರು ಹೋಗಬಾರದೆಂದು ಬಿಟ್ಟಿದ್ದ ದಾರಿಯಲ್ಲಿ ಹೋಗಿ ಫಲ ಕಂಡದ್ದನ್ನು ಸ್ವಯಂಸ್ಪಷ್ಟವೆನ್ನುವುದು ಕಷ್ಟ.

ಈ ಮೂರನ್ನು ಬೇರ್ಪಡಿಸುವುದು ಪ್ರಯೋಗದ ಅಂಕಿಗಳು. ಕೀಲೆಣ್ಣೆಯ ಗುಣವನ್ನು ಅಳೆಯಲು ಸಾಮಾನ್ಯವಾಗಿ ನಾಲ್ಕು ಉಕ್ಕಿನ ಗುಂಡುಗಳ ಪರೀಕ್ಷೆ ನಡೆಸುತ್ತಾರೆ. ಕೆಳಗೆ ಸ್ಥಿರವಾಗಿರುವ ಮೂರು ಗುಂಡುಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸಿ, ಆಗುವ ಸವೆತದ ಗುರುತನ್ನು ಅಳೆಯುತ್ತಾರೆ. ಇಲ್ಲಿ ಹೋಲಿಕೆ ಯಾವುದರೊಂದಿಗೆ ಎಂಬುದು ಮುಖ್ಯ. ಅರ್ಜಿದಾರರು ತಮ್ಮ ಎಣ್ಣೆಯನ್ನು ಬರಿಯ ಹರಳೆಣ್ಣೆಯೊಂದಿಗೆ ಮಾತ್ರ ಹೋಲಿಸಿದರೆ ಅಂಕಿಗಳು ಆಕರ್ಷಕವಾಗಿ ಕಾಣಬಹುದು. ಹೋಲಿಕೆ ನಡೆಯಬೇಕಾದುದು ಅತಿ ಸಮೀಪದ ಪೂರ್ವಜ್ಞಾನದೊಂದಿಗೆ, ಅಂದರೆ ಹುಲ್ಲಿನ ಕರಿ ಬೆರೆತ ಕೀಲೆಣ್ಣೆಯೊಂದಿಗೆ. ಪರೀಕ್ಷಕರಿಗೆ ಆ ಕೀಲೆಣ್ಣೆಯ ವಿಷಯವೇ ತಿಳಿಯದಿದ್ದರೆ ಈ ಹೋಲಿಕೆಯನ್ನು ಕೇಳುವವರು ಇರುವುದಿಲ್ಲ.

ಬರಹಕ್ಕೆ ಇಳಿಯದ ಜ್ಞಾನ

ಬಳಕೆಯಲ್ಲಿದ್ದೂ ಬರಹದಲ್ಲಿ ಇಲ್ಲದ ಜ್ಞಾನದ ಗತಿ ಏನೆಂಬುದನ್ನು ಅರಿಸಿನ ಮತ್ತು ಬೇವಿನ ಪ್ರಕರಣಗಳು ತೋರಿಸಿವೆ. ಗಾಯ ಮಾಯಿಸಲು ಅರಿಸಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟು ಪ್ರಶ್ನಿಸಿದ ಬಳಿಕ 1997ರಲ್ಲಿ ಅದು ರದ್ದಾಯಿತು. ಆ ಕಾಲದ ಅಮೆರಿಕದ ಕಾನೂನು ಹೊರದೇಶದ ಬಳಕೆಯನ್ನು ಪೂರ್ವಜ್ಞಾನವೆಂದು ಒಪ್ಪುತ್ತಿರಲಿಲ್ಲ. ಹೊರದೇಶದ ಮುದ್ರಿತ ಬರಹವನ್ನು ಒಪ್ಪುತ್ತಿತ್ತು. ಮನೆಮನೆಯ ರೂಢಿಯನ್ನು ತೋರಿಸಿದ್ದರೆ ಸಾಲುತ್ತಿರಲಿಲ್ಲ, ಪುಟವನ್ನು ತೋರಿಸಬೇಕಾಯಿತು. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಈ ಭೌಗೋಳಿಕ ಗಡಿ ಅಲ್ಲಿ ಅಳಿಯಿತು.

ಬೇವಿನ ಎಣ್ಣೆಯಿಂದ ಸಸ್ಯಗಳ ಶಿಲೀಂಧ್ರವನ್ನು ತಡೆಯುವ ವಿಧಾನಕ್ಕೆ ಯುರೋಪಿಯನ್ ಪೇಟೆಂಟ್ ಕಚೇರಿ 1994ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಸಂಸ್ಥೆಗೆ ಪೇಟೆಂಟ್ ನೀಡಿತು. ಈ ಪ್ರಕರಣಕ್ಕೆ ಕರ್ನಾಟಕದ ನಂಟೂ ಇತ್ತು. ಗ್ರೇಸ್ ಸಂಸ್ಥೆಯು ತುಮಕೂರಿನಲ್ಲಿ ಪಿ.ಜೆ. ಮಾರ್ಗೋ ಸಂಸ್ಥೆಯ ಜೊತೆಗೂಡಿ ಬೇವಿನ ಬೀಜದ ಸಂಸ್ಕರಣೆಯಲ್ಲಿ ತೊಡಗಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು 1990ರ ದಶಕದಲ್ಲಿ ಜೀವಸಂಪತ್ತಿನ ಪೇಟೆಂಟುಗಳ ವಿರುದ್ಧ ಚಳವಳಿ ನಡೆಸಿತು. ಯುರೋಪಿನಲ್ಲಿ ವಂದನಾ ಶಿವ, ಅಲ್ಲಿನ ಹಸಿರು ಪಕ್ಷದವರು ಹಾಗೂ ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದವರು ಆಕ್ಷೇಪಣೆ ಸಲ್ಲಿಸಿದರು. ವಿಚಾರಣೆಯಲ್ಲಿ ಭಾರತದ ಕಾರ್ಖಾನೆಯೊಂದರ ವ್ಯವಸ್ಥಾಪಕರು ತಮ್ಮಲ್ಲಿ ಅಂತಹದೇ ವಿಧಾನ ಮೊದಲೇ ಬಳಕೆಯಲ್ಲಿತ್ತೆಂದು ಸಾಕ್ಷ್ಯ ನುಡಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಅದರ ಮೇಲಿನ ಮೇಲ್ಮನವಿ 2005ರ ಮಾರ್ಚ್ 8ರಂದು ವಜಾ ಆಯಿತು. ಪೇಟೆಂಟ್ ನೀಡಿಕೆಯಿಂದ ಅಂತಿಮ ತೀರ್ಮಾನದವರೆಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಭಾರತದ ಕಾನೂನು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ಸೆಕ್ಷನ್ 25(1)(ಇ) ಪ್ರಕಾರ ಪೇಟೆಂಟ್ ನೀಡುವ ಮೊದಲೇ ಸ್ವಯಂಸ್ಪಷ್ಟತೆಯ ಆಧಾರದ ಮೇಲೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಪ್ರಕಟಿತ ಬರಹಗಳ ಜೊತೆಗೆ ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದುದನ್ನೂ ಅಲ್ಲಿ ಆಧಾರವಾಗಿ ತೋರಿಸಬಹುದು. 25(1)(ಕೆ) ಸ್ಥಳೀಯ ಸಮುದಾಯಗಳ ಮೌಖಿಕ ಜ್ಞಾನವನ್ನೂ ಹೆಸರಿಸುತ್ತದೆ. ಆದರೆ ಅದು ಅದೇ ಆವಿಷ್ಕಾರ ಮೊದಲೇ ಇತ್ತೆಂಬ ವಾದಕ್ಕೆ, ಎಂದರೆ ನವೀನತೆಯ ಕೊರತೆಗೆ, ಸಂಬಂಧಿಸಿದ್ದು. ಗಾಡಿಯ ಕೀಲೆಣ್ಣೆಯನ್ನು ಸ್ವಯಂಸ್ಪಷ್ಟತೆಯ ವಾದಕ್ಕೆ ತರಬೇಕಾದರೆ ಅದು ಕೇವಲ ತಿಳಿದಿತ್ತು ಎಂದರೆ ಸಾಲದು, ಬಳಕೆಯಲ್ಲಿತ್ತು ಎಂದು ಸಾಕ್ಷ್ಯದಿಂದ ಸ್ಥಾಪಿಸಬೇಕು.

ಇತ್ತೀಚಿನ ಬೆಳವಣಿಗೆಗಳು

2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವು ಪೇಟೆಂಟ್ ಪರೀಕ್ಷಕರಿಗೆ ನೆರವಾಗಿದೆ. 2022ರ ಆಗಸ್ಟಿನಲ್ಲಿ ಅದನ್ನು ಪೇಟೆಂಟ್ ಕಚೇರಿಗಳ ಹೊರಗಿನ ಬಳಕೆದಾರರಿಗೂ ತೆರೆಯಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಆದರೆ ಅದರ ಸಂಗ್ರಹವು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ವೈದ್ಯ ಪದ್ಧತಿಗಳು ಹಾಗೂ ಯೋಗಕ್ಕೆ ಸೇರಿದ್ದು. ಬಡಗಿ, ಕಮ್ಮಾರ, ಗಾಣಿಗ, ಗಾಡಿ ಹೊಡೆಯುವವರ ಕಸುಬಿನ ತಿಳಿವಳಿಕೆ ಅದರ ವ್ಯಾಪ್ತಿಯ ಹೊರಗೇ ಉಳಿದಿದೆ.

2024ರ ಮಾರ್ಚಿನಲ್ಲಿ ಬಂದ ಪೇಟೆಂಟ್ ನಿಯಮಗಳ ತಿದ್ದುಪಡಿಯಿಂದ, ಪೇಟೆಂಟ್ ನೀಡುವ ಮೊದಲಿನ ಆಕ್ಷೇಪಣೆಗೂ ಶುಲ್ಕ ನಿಗದಿಯಾಯಿತು. ಆಕ್ಷೇಪಣೆಯು ಮೇಲುನೋಟಕ್ಕೆ ಪರಿಶೀಲನೆಗೆ ಅರ್ಹವೇ ಎಂಬುದನ್ನು ಪೇಟೆಂಟ್ ನಿಯಂತ್ರಕರು ಮೊದಲು ನಿರ್ಧರಿಸುತ್ತಾರೆ. ಅರ್ಜಿಗಳನ್ನು ವಿಳಂಬಗೊಳಿಸುವ ಉದ್ದೇಶದ ಆಕ್ಷೇಪಣೆಗಳನ್ನು ಇದು ತಡೆಯುತ್ತದೆ ಎಂಬುದು ಬೆಂಬಲಿಗರ ವಾದ. ದಾಖಲೆ ಜೋಡಿಸುವ ಶಕ್ತಿಯಿಲ್ಲದ ಸಣ್ಣ ಸಂಘಗಳಿಗೆ ಬಾಗಿಲು ಕಿರಿದಾಯಿತು ಎಂಬುದು ಟೀಕಾಕಾರರ ಮಾತು. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

2024ರ ಮೇ 24ರಂದು ಜಿನೀವಾದಲ್ಲಿ ವಿಶ್ವ ಬೌದ್ಧಿಕ ಸ್ವತ್ತಿನ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಆನುವಂಶಿಕ ಸಂಪನ್ಮೂಲ ಮತ್ತು ಸಾಂಪ್ರದಾಯಿಕ ಜ್ಞಾನಕ್ಕೆ ಸಂಬಂಧಿಸಿದ ಒಪ್ಪಂದವೊಂದನ್ನು ಅಂಗೀಕರಿಸಿದವು. ಅದರ ಪ್ರಕಾರ, ಆವಿಷ್ಕಾರಕ್ಕೆ ಆಧಾರವಾದ ಸಂಪನ್ಮೂಲ ಮತ್ತು ಜ್ಞಾನದ ಮೂಲವನ್ನು ಅರ್ಜಿದಾರರು ತಿಳಿಸಬೇಕು. 15 ರಾಷ್ಟ್ರಗಳು ಸೇರಿದ ಬಳಿಕ ಒಪ್ಪಂದ ಜಾರಿಗೆ ಬರುವಂತೆ ನಿಗದಿಯಾಗಿದೆ. ಭಾರತದ 2002ರ ಜೀವವೈವಿಧ್ಯ ಅಧಿನಿಯಮದಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸಬೇಕು. ಸಸ್ಯಗಳ ಹೆಸರಿನ ಜೊತೆಗೆ ಅವುಗಳ ಕಸುಬಿನ ಬಳಕೆಯನ್ನೂ ಇವುಗಳಲ್ಲಿ ದಿನಾಂಕ ಸಹಿತ ಬರೆದಿಟ್ಟರೆ, ಮುಂದೆ ಬರುವ ಅರ್ಜಿಗಳ ಎದುರು ಅದು ಪುರಾವೆಯಾಗಬಲ್ಲದು.

ವಿಶ್ಲೇಷಣೆ

ಈ ವಿವಾದದಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಹರಳೆಣ್ಣೆ ಎಂಬ ಹೆಸರು ಕಂಡೊಡನೆ ಎಲ್ಲವೂ ಅಜ್ಜನ ಕಾಲದ್ದೆಂದು ತಳ್ಳಿಹಾಕುವುದು ಮೊದಲನೆಯದು. ಎಣ್ಣೆ ಅಂಟಾಗದಂತೆ, ಹೆಪ್ಪುಗಟ್ಟದಂತೆ ಮಾಡಲು ವರ್ಷಗಟ್ಟಲೆ ಶ್ರಮಿಸಿದ ಸಂಶೋಧಕರಿಗೆ ಇದರಿಂದ ಅನ್ಯಾಯವಾಗುತ್ತದೆ. ಪ್ರಯೋಗಶಾಲೆಯ ಪರಿಭಾಷೆಯಲ್ಲಿ ಹೇಳಿದ ಮಾತ್ರಕ್ಕೆ ಹಳೆಯದನ್ನು ಹೊಸದೆಂದು ಒಪ್ಪುವುದು ಎರಡನೆಯದು. ಇದರಿಂದ ಸಾರ್ವಜನಿಕರ ಸ್ವತ್ತು ಒಬ್ಬರ ಪಾಲಾಗುತ್ತದೆ.

ಸರಿಯಾಗಿ ಪರೀಕ್ಷಿತವಾದ ಯಾವ ಪೇಟೆಂಟೂ ಹಳೆಯ ಕೀಲೆಣ್ಣೆಯನ್ನು ಹಚ್ಚುವ ಹಕ್ಕನ್ನು ಯಾರಿಂದಲೂ ಕಸಿಯಲಾರದು, ಏಕೆಂದರೆ ಈಗಾಗಲೇ ತಿಳಿದದ್ದರ ಮೇಲೆ ಏಕಸ್ವಾಮ್ಯವಿಲ್ಲ. ಅಪಾಯವಿರುವುದು ಅಗಲವಾಗಿ ಬರೆದ, ಸಾಕಷ್ಟು ಪರೀಕ್ಷೆಗೆ ಒಳಗಾಗದ ಹಕ್ಕುಬೇಡಿಕೆಗಳಲ್ಲಿ. ಅಂತಹ ಪೇಟೆಂಟ್ ಅನೂರ್ಜಿತವೇ ಆಗಿದ್ದರೂ ಅದನ್ನು ರದ್ದುಪಡಿಸುವವರೆಗೆ ಸಣ್ಣ ಗಾಣದ ಮಾಲೀಕರೋ ರೈತರ ಸಹಕಾರ ಸಂಘವೋ ನೋಟಿಸಿಗೆ ಉತ್ತರಿಸುತ್ತ, ವಕೀಲರಿಗೆ ಹಣ ತೆರುತ್ತ ಇರಬೇಕಾಗುತ್ತದೆ. ಬೇವಿನ ಪ್ರಕರಣಕ್ಕೆ ಬೇಕಾದ ಹತ್ತು ವರ್ಷಗಳ ತಾಳ್ಮೆ ಮತ್ತು ಸಂಪನ್ಮೂಲ ಎಲ್ಲರಿಗೂ ಇರುವುದಿಲ್ಲ.

ಆದುದರಿಂದ ಕೀಲೆಣ್ಣೆಯ ಪೇಟೆಂಟೊಂದು ಸ್ವಯಂಸ್ಪಷ್ಟವೇ ಎಂಬುದಕ್ಕೆ ಉತ್ತರವು ಕಾನೂನಿನ ಸೂತ್ರಕ್ಕಿಂತ ಹೆಚ್ಚಾಗಿ, ಪರೀಕ್ಷಕರ ಮೇಜಿನ ಮೇಲೆ ಯಾವ ಪೂರ್ವಜ್ಞಾನ ಇದೆ ಎಂಬುದನ್ನು ಅವಲಂಬಿಸಿದೆ. ಸೂತ್ರ ಭಾರತದಲ್ಲಿ ಈಗಾಗಲೇ ಸಾಕಷ್ಟು ಸ್ಪಷ್ಟವಾಗಿದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿದ ಪೀಳಿಗೆಯವರು ಇಂದು ವೃದ್ಧರು. ಅವರು ಯಾವ ಹುಲ್ಲನ್ನು ಸುಡುತ್ತಿದ್ದರು, ಎಷ್ಟು ಎಣ್ಣೆಗೆ ಎಷ್ಟು ಕರಿ ಸೇರಿಸುತ್ತಿದ್ದರು, ಎಷ್ಟು ದೂರ ಸಾಗಿದ ಮೇಲೆ ಮತ್ತೆ ಬಳಿಯುತ್ತಿದ್ದರು ಎಂಬುದನ್ನು ಅವರಿರುವಾಗಲೇ ಕೇಳಿ ಬರೆದಿಟ್ಟರೆ ಮಾತ್ರ ಆ ಬಳಕೆಗೆ ಕಾನೂನಿನ ಎದುರು ಸಾಕ್ಷ್ಯದ ಬೆಲೆ ಬರುತ್ತದೆ.